‘ಜೀನ್ ತೆಗೆದರೂ ಹುಳುವಿಗೆ ಏನೂ ಆಗಲಿಲ್ಲ, ಪಿಎಚ್‌ಡಿ ಬಿಡಲೇ?’ – ಓದುಗರ ಸ್ಪಂದನ

ನಿಮ್ಮ ಪತ್ರ ಓದಿ ಸುಮ್ನೆ ಇರಲು ಆಗಲಿಲ್ಲ. ಜೀನ್ ತೆಗೆದ ಮೇಲೂ ಹುಳು ಆರಾಮಾಗಿ ಮೊಟ್ಟೆ ಇಡುತ್ತಿದೆ, ನಾಲ್ಕು ವರ್ಷ ನೀರುಪಾಲಾಯಿತು ಅಂದಿದ್ದೀರಿ. ನಾನೂ ಸಿ. ಎಲಿಗನ್ಸ್ ಅನ್ನುವ ಪುಟಾಣಿ ಹುಳುವಿನ ಜನನಕೋಶಗಳ (ವೀರ್ಯಾಣು, ಅಂಡಾಣು ಆಗುವ ಕೋಶಗಳು) ಮೇಲೇ ಹದಿನಾಲ್ಕು ವರ್ಷ ಕಳೆದವಳು. ಮೊದಲು ಹೇಳಿ, ಆ ಜೀನ್‌ಗೆ ಅಕ್ಕ-ತಂಗಿ, ಅಂದರೆ ಅದೇ ಕೆಲಸ ಮಾಡುವ ಇನ್ನೊಂದು ಜೀನ್, ಯಾರಾದರೂ ಇದ್ದಾರಾ? ಎಫ್‌ಬಿಎಫ್-1, ಎಫ್‌ಬಿಎಫ್-2 ಅನ್ನುವ ಜೋಡಿ ಜೀನ್‌ಗಳನ್ನು ನೆನಪಿಸಿಕೊಳ್ಳಿ. ಯಾವುದಾದರೂ ಒಂದನ್ನು ತೆಗೆದರೆ ಹುಳುವಿಗೆ ಮರಿಗಳು ಆಗುತ್ತವೆ. ಎರಡನ್ನೂ ಒಟ್ಟಿಗೆ ತೆಗೆದರೆ ಹೊಸ ಜನನಕೋಶಗಳನ್ನು ಕೊಡುತ್ತಿರುವ ಸ್ಟೆಮ್ ಸೆಲ್‌ಗಳೇ ಉಳಿಯುವುದಿಲ್ಲ, ಇದ್ದಬದ್ದ ಜನನಕೋಶಗಳೆಲ್ಲ ವೀರ್ಯಾಣುಗಳಾಗಿ ಮುಗಿದುಹೋಗುತ್ತವೆ. ಈ ಎರಡೂ ಜೀನ್‌ಗಳ ಪ್ರೋಟೀನ್‌ಗಳು ಆರ್‌ಎನ್‌ಎಗೆ (ಪ್ರೋಟೀನ್ ತಯಾರಿಸಲು ಬಳಸುವ ಜೀನ್‌ನ ಪ್ರತಿ) ಅಂಟಿಕೊಂಡು ‘ಈಗಲೇ ಬೇಡ, ತಡಿ’ ಅನ್ನುವಂಥವು. ಜನನಕೋಶಗಳಲ್ಲಿ ಇಂಥ ತಡೆ ಜಾಸ್ತಿ. ಹಾಗಾಗಿ ಆರ್‌ಎನ್‌ಎ ಮಟ್ಟ ಬದಲಾಗಿಲ್ಲ ಅಂತ ಕೈಚೆಲ್ಲಬೇಡಿ, ಪ್ರೋಟೀನ್ ನೋಡಿ.

ಇನ್ನೊಂದು, ಎಷ್ಟು ತಲೆಮಾರು ನೋಡಿದ್ದೀರಿ? ಪಿಆರ್‌ಜಿ-1 ಅನ್ನುವ ಜೀನ್ ಇಲ್ಲದ ಹುಳುಗಳು ಮೊದಮೊದಲು ಮರಿ ಮಾಡಿ, ಹಲವು ತಲೆಮಾರು ಕಳೆದ ಮೇಲೆ ಮರಿ ಮಾಡುವುದನ್ನೇ ನಿಲ್ಲಿಸಿಬಿಡುತ್ತವೆ. ನನ್ನ ಒಂದು ತಳಿಯಲ್ಲೂ ಹಾಗೇ ಆಯಿತು. ಪ್ರತಿ ಸಲ ಐದೇ ದಿನಕ್ಕೆ ತಟ್ಟೆಯ ಬ್ಯಾಕ್ಟೀರಿಯಾವನ್ನೆಲ್ಲ ತಿಂದು ಖಾಲಿ ಮಾಡುತ್ತಿದ್ದ ಹುಳುಗಳು, ಒಂದು ಬೆಳಿಗ್ಗೆ ನೋಡಿದರೆ ಬಿಳಿ ಪದರ ಹಾಗೇ ಇದೆ, ನಡುವೆ ನಾಲ್ಕೈದು ಮುದಿ ಹುಳು ಮಾತ್ರ. ಆ ತಟ್ಟೆಯಿಂದಲೇ ನನ್ನ ಕೆಲಸ ಶುರುವಾಗಿದ್ದು.
– ಜನನಕೋಶ ಸಂಶೋಧಕಿ

‘ಇದರಿಂದ ಯಾರಿಗೆ ಉಪಯೋಗ’ ಅಂತ ಮನೆಯವರು ಕೇಳಿದರು ಎಂದು ಬರೆದಿದ್ದೀರಲ್ವಾ, ಆ ಸಾಲು ನನಗೆ ನೋವು ಕೊಟ್ಟಿತು. ನನ್ನ ಮಗನಿಗೆ ಪ್ರಾಡರ್-ವಿಲ್ಲಿ ಸಿಂಡ್ರೋಮ್ ಇದೆ. ಎಷ್ಟು ತಿಂದರೂ ಅವನಿಗೆ ಹಸಿವು ಹೋಗುವುದಿಲ್ಲ, ಅಡುಗೆಮನೆಗೆ ಬೀಗ ಹಾಕಿಡುತ್ತೇವೆ. ಅಪ್ಪನಿಂದ ಬಂದ 15ನೇ ಕ್ರೋಮೋಸೋಮಿನಲ್ಲಿ ಒಂದು ತುಣುಕು ಇಲ್ಲ. ಅದೇ ತುಣುಕು ಅಮ್ಮನಿಂದ ಬಂದದ್ದರಲ್ಲಿ ಇಲ್ಲದಿದ್ದರೆ ಆಗುವುದು ಏಂಜಲ್‌ಮನ್ ಸಿಂಡ್ರೋಮ್, ಪೂರ್ತಿ ಬೇರೆ ಕಾಯಿಲೆ. ಯಾವುದು ಅಪ್ಪನದು, ಯಾವುದು ಅಮ್ಮನದು ಅನ್ನುವ ಗುರುತು ಬೀಳುವುದು ವೀರ್ಯಾಣು, ಅಂಡಾಣು ತಯಾರಾಗುವಾಗ. 1984ರಲ್ಲಿ ಇಲಿಯ ಭ್ರೂಣಗಳಲ್ಲಿ ಯಾರೋ ತಾಳ್ಮೆಯಿಂದ ಅದನ್ನು ನೋಡದೇ ಇದ್ದಿದ್ದರೆ ನನಗೆ ಈ ಉತ್ತರವೂ ಸಿಗುತ್ತಿರಲಿಲ್ಲ.
– ಒಬ್ಬ ತಾಯಿ

ನಾನು ಐದನೇ ವರ್ಷದಲ್ಲಿ ಬಿಟ್ಟೆ, ಈಗ ಐವಿಎಫ್ ಲ್ಯಾಬ್‌ನಲ್ಲಿದ್ದೇನೆ, ಖುಷಿಯಾಗಿದ್ದೇನೆ. ಬಿಡುವುದು ತಪ್ಪಲ್ಲ. ಆದರೆ ಮೇಲೆ ಹೇಳಿದ ಹಾಗೆ ಅಕ್ಕ-ತಂಗಿ ಜೀನ್ ತೆಗೆಯುವುದು, ಹಲವು ತಲೆಮಾರು ನೋಡುವುದು, ಈ ಎರಡು ಪ್ರಯೋಗಕ್ಕೆ ಆರು ತಿಂಗಳು ಕೊಟ್ಟು ಆಮೇಲೆ ನಿರ್ಧಾರ ಮಾಡಿ. ಹೋಗುವುದಾದರೆ ನಿಮ್ಮ ತಳಿಗಳು ಉಳಿಯುವಂತೆ ಉಪವಾಸ ಬಿದ್ದ ಎಳೆ ಹುಳುಮರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಟ್ಟು, ಪ್ರತಿ ಟ್ಯೂಬಿಗೂ ಹೆಸರು ಬರೆಯಿರಿ. ನಾನು ಬರೆಯದೇ ಬಂದ ಎರಡು ತಳಿಗಳನ್ನು ಯಾರದೆಂದು ಗೊತ್ತಾಗದೆ ಎಸೆದುಬಿಟ್ಟರು, ಈಗಲೂ ನೆನೆದರೆ ಕರುಳು ಚುರ್ ಅನ್ನುತ್ತದೆ.
– ಹಳೆಯ ಸಂಶೋಧನಾ ವಿದ್ಯಾರ್ಥಿ