ಮೈಟೋಸಿಸ್‌ನಲ್ಲಿ ಸೆಂಟ್ರೊಮಿಯರ್ ಬಳಿಯ ಕೆ9-ಮಿಥೈಲ್ ಸಿಗ್ನಲ್ ಮಾಯ: ಅಳಿದಿದೆಯೋ, ಮುಚ್ಚಿಹೋಗಿದೆಯೋ?

ಪ್ರಶ್ನೆ:
ಇಲಿಯ ಎನ್‌ಐಎಚ್ 3ಟಿ3 ಕೋಶಗಳು. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್ ಹಿಸ್ಟೋನ್ ಎಚ್3ರ 9ನೇ ಲೈಸಿನ್‌ನ (ಕೆ9) ಟ್ರೈಮಿಥೈಲ್ ಗುರುತಿಗೆ ಆಂಟಿಬಾಡಿ ಹಾಕಿದರೆ ಇಂಟರ್‌ಫೇಸ್‌ನಲ್ಲಿ (ಎರಡು ವಿಭಜನೆಗಳ ನಡುವಿನ ಹಂತ) ಡ್ಯಾಪಿ ಎಂಬ ಡಿಎನ್‌ಎ ಬಣ್ಣದ ಚುಕ್ಕೆಗಳ ಮೇಲೆಯೇ ಢಾಳಾಗಿ ಕಾಣುತ್ತೆ. ಅದೇ ಸ್ಲೈಡ್‌ನಲ್ಲಿ, ನೊಕೊಡಜೋಲ್ ಔಷಧದಿಂದ ಮೈಟೋಸಿಸ್‌ನಲ್ಲಿ (ಕೋಶ ವಿಭಜನೆ) ನಿಂತ ಕೋಶಗಳಲ್ಲಿ ಏನೂ ಇಲ್ಲ ಅನ್ನುವಷ್ಟು ಮಂಕು. ಮಿಥೈಲ್ ಹೋಗಿದ್ದರೆ ಸೆಂಟ್ರೊಮಿಯರ್ (ಕ್ರೋಮೊಸೋಮಿನ ಎರಡು ಪ್ರತಿಗಳು ಕೂಡಿರುವ ಜಾಗ) ಬಳಿ ಅವನ್ನು ಹಿಡಿದಿಡುವ ಕೊಹೀಸಿನ್ ಪ್ರೋಟೀನ್ ಉಳಿಯೋದು ಹೇಗೆ?

ಉತ್ತರ 1:
ಮಿಥೈಲ್ ಎಲ್ಲೂ ಹೋಗಿಲ್ಲ. ಮೈಟೋಸಿಸ್ ಶುರುವಾದಾಗ ಅರೋರಾ ಬಿ ಕೈನೇಸ್ ಪಕ್ಕದ 10ನೇ ಸೆರಿನ್‌ಗೆ ಫಾಸ್ಫೇಟ್ ಕೂರಿಸುತ್ತೆ. ಅದು ಅಡ್ಡ ಬಂದು ಎಷ್ಟೋ ಆಂಟಿಬಾಡಿಗಳಿಗೆ ಹಿಡಿತ ಸಿಗಲ್ಲ. ಕೆ9-ಮಿಥೈಲ್‌ಗೆ ಅಂಟುವ ಎಚ್‌ಪಿ1 ಪ್ರೋಟೀನ್ ಬಹುಪಾಲು ಕಳಚಿಕೊಳ್ಳೋದೂ ಇದರಿಂದಲೇ, 2005ರಲ್ಲೇ ತೋರಿಸಿದ್ದಾರೆ. ಅಂದಹಾಗೆ ಆ ಡ್ಯಾಪಿ ಚುಕ್ಕೆಗಳು ಸೆಂಟ್ರೊಮಿಯರ್‌ನ ಅಕ್ಕಪಕ್ಕದ ಹೆಟೆರೊಕ್ರೊಮಾಟಿನ್ (ಒತ್ತಾಗಿ ಮಡಚಿದ ಡಿಎನ್‌ಎ), ಅದರ ವಿಶೇಷ ಹಿಸ್ಟೋನ್ ಸೆನ್ಪ್-ಎ ಕೂತಿರುವ ತಿರುಳಲ್ಲ.

ಖಚಿತವಾಗಬೇಕಾದರೆ, ಫಿಕ್ಸ್ ಮಾಡಿ ಪೊರೆ ತೂತು ಮಾಡುವ ಟ್ರೈಟಾನ್ ಕೊಟ್ಟ ಸ್ಲೈಡ್‌ಗೆ ಫಾಸ್ಫೇಟ್ ತೆಗೆಯುವ ಕಿಣ್ವ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ: 1 ಮಿಲಿಮೋಲಾರ್ ಮ್ಯಾಂಗನೀಸ್ ಕ್ಲೋರೈಡ್, 30 ಡಿಗ್ರಿ, ಒಂದು ಗಂಟೆ. ಜೊತೆಗೆ ಕಿಣ್ವವಿಲ್ಲದ ಸ್ಲೈಡ್ ಒಂದಿರಲಿ. ಹೆಚ್ಚಾಗಿ ಕೆಡೋದು ತೊಳೆಯುವ ಪಿಬಿಎಸ್ ಬಫರ್‌ನಿಂದ. ಅದರ ಫಾಸ್ಫೇಟೇ ಕಿಣ್ವವನ್ನು ತಡೆಯುತ್ತೆ. ಮೊದಲು ಟ್ರಿಸ್ ಬಫರ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಇಡಿಟಿಎ ಇದ್ದರೆ ಮ್ಯಾಂಗನೀಸನ್ನೇ ಎಳೆದುಕೊಳ್ಳುತ್ತೆ. ಸೆರಿನ್ 10 ಫಾಸ್ಫೊ ಸಿಗ್ನಲ್ ಆರಿದ್ದು ಕಂಡ ಮೇಲಷ್ಟೇ ಫಲಿತಾಂಶ ನಂಬಿ.

ಉತ್ತರ 2:
ಹೆಸ್ಪರಾಡಿನ್ 100 ನ್ಯಾನೋಮೋಲಾರ್ ಕೊಟ್ಟು ಅರೋರಾ ಬಿಯನ್ನೇ ತಡೆಯಬಹುದು, ಆದರೆ ಬರೀ ಅದನ್ನು ಕೊಡಬೇಡಿ. ಮೈಟೋಸಿಸ್ ತಡೆದು ನಿಲ್ಲಿಸುವ ಚೆಕ್‌ಪಾಯಿಂಟ್ ಸಡಿಲಗೊಂಡು, ನೊಕೊಡಜೋಲ್ ಇದ್ದರೂ ಕೋಶ ಮೈಟೋಸಿಸ್‌ನಿಂದ ಹೊರಬೀಳುತ್ತೆ. ಆಮೇಲೆ ಸಿಗ್ನಲ್ ಮರಳಿದರೂ ಅದರಿಂದ ಏನೂ ಸಾಬೀತಾಗಲ್ಲ. ಕೋಶ ಹೊರಬೀಳದಂತೆ, ಅರ್ಧ ಗಂಟೆ ಮೊದಲೇ ಪ್ರೋಟಿಯಾಸೋಮ್ ತಡೆಯುವ ಎಂಜಿ132, 10 ಮೈಕ್ರೋಮೋಲಾರ್ ಹಾಕಿ.

ಕೊಹೀಸಿನ್ ವಿಷಯ: ಬಬ್1 ಕೈನೇಸ್ ಎಚ್2ಎಯ 120ನೇ ಥ್ರಿಯೊನಿನ್‌ಗೆ ಫಾಸ್ಫೇಟ್ ಹಾಕುತ್ತೆ, ಶುಗೋಶಿನ್ ಪ್ರೋಟೀನ್ ಅಲ್ಲಿಗೆ ಬಂದು ಪಿಪಿ2ಎ ಫಾಸ್ಫಟೇಸ್ ಜೊತೆ ಸೇರಿ ಕೊಹೀಸಿನ್ ಕಾಯುತ್ತೆ. ಹ್ಯಾಸ್ಪಿನ್ ಕೈನೇಸ್ ಹಾಕುವ ಎಚ್3 ಥ್ರಿಯೊನಿನ್ 3ರ ಫಾಸ್ಫೇಟನ್ನು ಅರೋರಾ ಬಿಯ ಜೊತೆಗಾರ ಪ್ರೋಟೀನ್ ಸರ್ವೈವಿನ್ ಹಿಡಿಯುತ್ತೆ. ಎರಡು ಗುರುತೂ ಸೇರುವ ಒಳ ಸೆಂಟ್ರೊಮಿಯರ್‌ನಲ್ಲಿ ಅರೋರಾ ಬಿ ಜಮಾಯಿಸುತ್ತೆ. ಹ್ಯಾಸ್ಪಿನ್‌ಗೆ ಚಾಲನೆ ಕೊಡೋದೂ ಅರೋರಾ ಬಿ. ಹಾಗಾಗಿ ಹೆಸ್ಪರಾಡಿನ್ ಸ್ಲೈಡ್‌ನಲ್ಲಿ ಥ್ರಿಯೊನಿನ್ 3 ಮಂಕಾದರೆ ಅದರ ಆಂಟಿಬಾಡಿಯನ್ನೋ ಸ್ಟೇನಿಂಗನ್ನೋ ದೂರಬೇಡಿ.

ಪ್ರಶ್ನೆ ಕೇಳಿದವರು:
ಲ್ಯಾಂಬ್ಡಾ ಹಾಕಿದ ಮೇಲೆ ಸೆರಿನ್ 10 ಪೂರ್ತಿ ಆರಿತು, ಕೆ9 ಮಾತ್ರ ಅರ್ಧಂಬರ್ಧ ಮರಳಿತು.

ಉತ್ತರ 1:
ಒತ್ತಾಗಿ ಮಡಚಿದ ಕ್ರೋಮೊಸೋಮಿನೊಳಗೆ ಆಂಟಿಬಾಡಿ ಇಳಿಯೋದು ಕಷ್ಟ ಇರಬಹುದು. ಹಿಸ್ಟೋನ್‌ಗಳನ್ನು ಆಸಿಡ್‌ನಲ್ಲಿ ತೆಗೆದು, 15 ಶೇಕಡಾ ಜೆಲ್ ಓಡಿಸಿ, 0.2 ಮೈಕ್ರಾನ್ ಮೆಂಬ್ರೇನ್‌ಗೆ ವರ್ಗಾಯಿಸಿ. ಮೆಂಬ್ರೇನ್ ಎರಡು ತುಂಡು ಮಾಡಿ, ಒಂದಕ್ಕೆ ಮಾತ್ರ ಫಾಸ್ಫಟೇಸ್ ಕೊಡಿ. ಎರಡಕ್ಕೂ ಒಟ್ಟು ಎಚ್3 ಬ್ಯಾಂಡ್ ಇಟ್ಟು ಹೋಲಿಸಿ.