ಹಳೆಯ ಪಿಕಪ್ ಘಾಟಿಯಲ್ಲಿ ಕಪ್ಪು ಹೊಗೆ ಬಿಡುತ್ತಿದೆ: ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ, ಅರಕಲಗೂಡು ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಬಿಎಸ್ 4 (ಹೊಗೆ ನಿಯಮದ ನಾಲ್ಕನೆಯ ಹಂತ) ಡೀಸೆಲ್ ಪಿಕಪ್. ಕಾಮನ್ ರೈಲ್ ಎಂಜಿನ್ (ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಹೆಚ್ಚು ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು), ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ. ಎರಡನೆಯ ಕೈಯಿಂದ ಕೊಂಡಿದ್ದು, ಮೀಟರ್ ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಶುಂಠಿ, ಆಲೂಗಡ್ಡೆ ಹೇರಿಕೊಂಡು ಹಾಸನಕ್ಕೆ ಹೋಗುತ್ತೇನೆ, ಒಮ್ಮೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಬಾಡಿಗೆ ಸಿಗುತ್ತದೆ. ವಾಪಸು ಬರುವಾಗ ಹೆಂಚು ಹೇರಿದ್ದರೆ ಘಾಟಿಯಲ್ಲಿ ಗಾಡಿ ಎಳೆಯುವುದೇ ಇಲ್ಲ. ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕು, ಹಿಂದೆ ಕಪ್ಪು ಹೊಗೆಯ ಮೋಡ. ಮೈಲೇಜ್ ಇಳಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆಯೂ ಬರುತ್ತದೆ. ಹೊಗೆ ತಪಾಸಣೆಯಲ್ಲಿ ಹೊಗೆಯ ದಟ್ಟಣೆಯ ಅಂಕಿ 2.3 ಬಂದು ಫೇಲ್ ಆಯಿತು. ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸುವ ದಿನ ಹತ್ತಿರ ಬಂದಿದೆ.

ಒಬ್ಬ ಮೆಕ್ಯಾನಿಕ್ ಡೀಸೆಲ್ ಸಿಂಪಡಿಸುವ ನಾಲ್ಕೂ ನಾಜಲ್ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಹೊಗೆಯನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್‌ಗೆ ತಗಡು ಹಾಕಿ ಮುಚ್ಚಿದರೆ ಸಾಕು ಎನ್ನುತ್ತಾರೆ. ಮತ್ತೊಬ್ಬರದು ಸೈಲೆನ್ಸರ್‌ನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದುಬಿಡಿ ಎಂಬ ಸಲಹೆ. ಇಂಥ ಗಾಡಿ ಇಟ್ಟುಕೊಂಡವರು, ರಿಪೇರಿ ಮಾಡುವವರು ನಿಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ತಿಪಟೂರಿನಿಂದ, ಡೀಸೆಲ್ ಮೆಕ್ಯಾನಿಕ್

ತಮ್ಮಾ, ಮೂವರ ಮಾತನ್ನೂ ಸದ್ಯಕ್ಕೆ ಬದಿಗಿಡು. ಕಪ್ಪು ಹೊಗೆ ಬಂದರೆ ಒಳಗೆ ಬಿದ್ದ ಡೀಸೆಲ್ ಪೂರ್ತಿ ಉರಿಯಲು ಸಾಲುವಷ್ಟು ಗಾಳಿ ಸಿಕ್ಕಿಲ್ಲ ಎಂದು ತಿಳಿ. ಡೀಸೆಲ್ ಹೆಚ್ಚು ಬೀಳುತ್ತಿರಬಹುದು, ಇಲ್ಲವೇ ಗಾಳಿ ಕಡಿಮೆಯಾಗಿರಬಹುದು. ನನ್ನ ಗ್ಯಾರೇಜಿಗೆ ಬರುವ ಹಳೆಯ ಪಿಕಪ್‌ಗಳಲ್ಲಿ ಬಹುಪಾಲು ಗಾಳಿಯ ಕಡೆಯ ತೊಂದರೆಯೇ ಇರುತ್ತದೆ. ಗಾಳಿಯ ದಾರಿ ನೋಡುವುದಕ್ಕೆ ಒಂದು ಬೆಳಗಿನ ಬಿಡುವು ಸಾಕು. ನಾಜಲ್‌ಗೆ ಕೈ ಹಾಕಿದರೆ ಸಾವಿರಗಳ ಲೆಕ್ಕ. ಆದ್ದರಿಂದ ಅಗ್ಗದ ಕಡೆಯಿಂದಲೇ ಹೊರಡು.

ಮೊದಲು ಏರ್ ಫಿಲ್ಟರ್ ತೆಗೆ. ಪೇಪರ್ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ನೆಲಕ್ಕೆ ಬಡಿಯಲೂಬಾರದು. ಕಂಪ್ರೆಸರ್ ಹಿಡಿಯುವುದಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ. ಬಲ್ಬಿನ ಬೆಳಕಿಗೆ ಹಿಡಿದು ನೋಡು: ಬೆಳಕು ಎಲ್ಲಾದರೂ ಚುಕ್ಕಿಯಾಗಿ ತೂರಿ ಬಂದರೆ ಕಾಗದ ಹರಿದಿದೆ ಎಂದರ್ಥ, ಅದನ್ನು ಮತ್ತೆ ಹಾಕಬೇಡ. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಬೆರಳಾಡಿಸು. ಧೂಳು ಅಂಟಿದರೆ ಅದು ಟರ್ಬೊ ರೆಕ್ಕೆಗೂ ಪಿಸ್ಟನ್ ರಿಂಗಿಗೂ ಹೋಗುತ್ತಿದೆ. ಎಂಜಿನ್ ಸವೆದು ಬೋರಿಗೆ ಬರಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆಮೇಲೆ ಟರ್ಬೊದಿಂದ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಬರುವ ರಬ್ಬರ್ ಹೋಸ್‌ಗಳು. ಇವು ಮೇಲಿನಿಂದ ಚೆನ್ನಾಗಿಯೇ ಕಾಣುತ್ತವೆ. ಬಿರುಕು ಇರುವುದು ಕೆಳಮೈಯಲ್ಲಿ, ಇಲ್ಲವೇ ಕ್ಲಿಪ್ಪಿನ ಅಡಿಯಲ್ಲಿ. ಕ್ಲಿಪ್ ಸಡಿಲಿಸಿ, ಹೋಸನ್ನು ಪೂರ್ತಿ ಕಳಚಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡು. ಮುಚ್ಚಿಕೊಂಡಿದ್ದ ಸೀಳು ಆಗ ಬಾಯಿ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಈ ಸೀಳು ಏನೂ ತೊಂದರೆ ಕೊಡುವುದಿಲ್ಲ. ಲೋಡ್ ಹಾಕಿ ಏರು ಹತ್ತುವಾಗ ಟರ್ಬೊ ಒತ್ತಡ ಏರಿ ಸೀಳು ತೆರೆದುಕೊಳ್ಳುತ್ತದೆ, ಒತ್ತಿದ ಗಾಳಿ ಅಲ್ಲೇ ಸೋರಿಹೋಗುತ್ತದೆ. ನೀನು ಹೇಳಿದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹೋಸಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಹೊರಗೆ ಒಂದೇ ಜಾಗದಲ್ಲಿ ಎಣ್ಣೆಯ ಮೇಲೆ ಧೂಳು ಮೆತ್ತಿಕೊಂಡಿದ್ದರೆ ಸೋರಿಕೆ ಅಲ್ಲೇ.

ಹೋಸ್ ಕಳಚಿದಾಗಲೇ, ಎಂಜಿನ್ ತಣ್ಣಗಿರುವಾಗ, ಟರ್ಬೊ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸು. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಬಹುದು. ಹಿಂದೆ ಮುಂದೆ ಎಳೆದಾಗ ಆಟ ಸಿಕ್ಕಿದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತು ಇದ್ದರೆ, ಟರ್ಬೊ ಕೆಲಸ ಬಂದಿದೆ.

ಇನ್ನು ಇಜಿಆರ್. ಇದು ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ ಒಳಕ್ಕೆ ಬಿಡುವ ಕವಾಟ. ಹಾಗೆ ಬಿಟ್ಟಾಗ ಉರಿಯ ಶಾಖ ತಗ್ಗಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಪೂರ್ತಿ ಎಕ್ಸಲೇಟರ್ ಕೊಟ್ಟು ಏರು ಹತ್ತುವಾಗ ಅದು ಮುಚ್ಚಿರಬೇಕು. ಮಸಿ ಕಟ್ಟಿ ತೆರೆದೇ ನಿಂತರೆ ಗಾಳಿಯ ಜಾಗದಲ್ಲಿ ಹೊಗೆ ತುಂಬಿಕೊಂಡು ಮತ್ತಷ್ಟು ಮಸಿ ಹುಟ್ಟುತ್ತದೆ. ನಿನ್ನದು ವ್ಯಾಕ್ಯೂಮ್ ಇಜಿಆರ್ ಆಗಿದ್ದರೆ, ಅದರ ಸಣ್ಣ ಪೈಪನ್ನು ಕಳಚಿ, ಪೈಪಿನ ಬಾಯಿಗೆ ಬಿಗಿಯಾಗಿ ಬಿರಡೆ ಹಾಕಿ, ಅದೇ ಲೋಡಿನಲ್ಲಿ ಒಂದು ಏರು ಹತ್ತಿಸಿ ನೋಡು. ಹೊಗೆ ನಿಂತರೆ ಕವಾಟ ತೆರೆಯಬಾರದ ಹೊತ್ತಿನಲ್ಲಿ ತೆರೆಯುತ್ತಿದೆ, ಅದಕ್ಕೆ ಅಪ್ಪಣೆ ಕೊಡುವ ಸೊಲೆನಾಯ್ಡ್ ಕಡೆ ನೋಡಬೇಕು. ಹೊಗೆ ಹಾಗೇ ಇದ್ದರೆ ಮಸಿಯಿಂದ ಸಿಕ್ಕಿಕೊಂಡಿರಬಹುದು, ಇಳಿಸಿಯೇ ನೋಡಬೇಕು. ಇದು ಪರೀಕ್ಷೆಗೆ ಮಾತ್ರ. ಪೈಪ್ ತಿರುಗಿ ಹಾಕುವುದನ್ನು ಮರೆಯಬೇಡ.

ಇಳಿಸಿದರೆ ಕಾರ್ಬನ್ ಕ್ಲೀನರ್ ಹಾಕಿ ನೆನೆಯಲು ಬಿಟ್ಟು ಬ್ರಷ್‌ನಿಂದ ಉಜ್ಜು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಕವಾಟ ಕೂರುವ ಜಾಗ ಗೀರು ಬೀಳುತ್ತದೆ. ಡಯಾಫ್ರಮ್ ಮತ್ತು ವೈರಿಂಗ್ ಕಡೆಗೆ ದ್ರಾವಣ ಹೋಗಬಾರದು. ಗ್ಯಾಸ್ಕೆಟ್ ಹೊಸದೇ ಹಾಕು. ಅದರ ಮುಂದಿನ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲೂ ಎಣ್ಣೆ ಮತ್ತು ಮಸಿ ಸೇರಿ ಡಾಂಬರಿನಂತೆ ಗಟ್ಟಿಯಾಗಿರುತ್ತದೆ, ಅದನ್ನೂ ತೆಗೆಸು.

ಇಷ್ಟಾದ ಮೇಲೂ ಹೊಗೆ ಉಳಿದರೆ ನಾಜಲ್ ವಿಷಯಕ್ಕೆ ಬಾ. ಆಗಲೂ ನಾಲ್ಕನ್ನೂ ಬದಲಿಸುವ ಮೊದಲು ರಿಟರ್ನ್ ಪರೀಕ್ಷೆ (ನಾಜಲ್‌ನಿಂದ ಟ್ಯಾಂಕಿಗೆ ಮರಳುವ ಡೀಸೆಲ್ ಅಳೆಯುವುದು) ಮಾಡಿಸು. ನಾಲ್ಕು ನಾಜಲ್‌ಗಳ ರಿಟರ್ನ್ ಪೈಪಿಗೂ ಒಂದೊಂದು ಸಣ್ಣ ಬಾಟಲಿ ಕಟ್ಟಿ ಐಡಲ್‌ನಲ್ಲಿ ಬಿಟ್ಟರೆ, ಸವೆದಿರುವ ನಾಜಲ್‌ನ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೆ. ಬಾಟಲಿಗಳು ಸಮನಾಗಿ ತುಂಬಿದವು ಎಂದ ಮಾತ್ರಕ್ಕೆ ಸಿಂಪಡಣೆ ಸರಿಯಿದೆ ಎಂದಾಗುವುದಿಲ್ಲ, ಅದಕ್ಕೆ ನಾಜಲ್, ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಯ ಪರೀಕ್ಷಾ ಬೆಂಚಿನ ಮೇಲೇ ನೋಡಬೇಕು.

ಒಂದು ಮಾತು ಕಿವಿಗೊಟ್ಟು ಕೇಳು. ಹಳೆಯ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕುತ್ತಿದ್ದೆವು. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬಾರದು. ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಮಾಂಸಕ್ಕೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿ ಕಾಣುತ್ತದೆ ಅಷ್ಟೆ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ಮುಲಾಮು ಹಚ್ಚಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕೋಲಾರದಿಂದ, ಟೊಮೆಟೊ ಸಾಗಣೆ

ನನ್ನದು 2009ರ ಗಾಡಿ, ಮೆಕ್ಯಾನಿಕಲ್ ಪಂಪ್. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಲು ಇದರಲ್ಲಿ ಏನೂ ಇಲ್ಲ, ಕಿವಿ ಮತ್ತು ಮೂಗಿನಿಂದಲೇ ಹುಡುಕಬೇಕು. ಇಂಥ ಗಾಡಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ಎಳೆತ ಇಲ್ಲದೆ ಮಧ್ಯೆ ಮಧ್ಯೆ ಕೆಮ್ಮುವಂತಾದರೆ ಡೀಸೆಲ್ ಲೈನಿಗೆ ಏರ್ ಹಿಡಿಯುತ್ತಿದೆಯೇ ನೋಡಿ. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪು ಸೀಳಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಏಕೆಂದರೆ ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫಿಲ್ಟರ್ ಆದ ಮೇಲೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಓಡಿಸಿ ನೋಡಿ. ಗುಳ್ಳೆಗಳ ಸಾಲು ಕಂಡರೆ ಕಾರಣ ಸಿಕ್ಕಿತು.

ಫಿಲ್ಟರ್ ಅಡಿಯ ಡ್ರೇನ್ ಸ್ಕ್ರೂ ಬಿಚ್ಚಿ ನೀರು ಬಿಡುವ ಅಭ್ಯಾಸವನ್ನು ಮಳೆಗಾಲದಲ್ಲಿ ತಪ್ಪಿಸಬೇಡಿ. ಟ್ಯಾಪೆಟ್ ಸೆಟ್ಟಿಂಗ್‌ಗೂ (ವಾಲ್ವ್ ತಲೆಯ ಮೇಲೆ ಬಿಡುವ ಸಂದು) ಗಮನ ಕೊಡಿ: ಸಂದು ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಹೊತ್ತು ಏರಿದರೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ದಾವಣಗೆರೆಯಿಂದ, ಹೊಗೆ ತಪಾಸಣೆ ಕೇಂದ್ರ ನಡೆಸುವವರು

ನಿಮ್ಮ 2.3 ಎಂಬ ಅಂಕಿಯ ಬಗ್ಗೆ ಹೇಳುತ್ತೇನೆ. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಕ್ಕೆ ಮಿತಿ 2.45. ಬಿಎಸ್ 4ಕ್ಕೆ 1.62. ಅಂದರೆ ಇದೇ ಹೊಗೆ ಕೋಲಾರದವರ 2009ರ ಗಾಡಿಯಿಂದ ಬಂದಿದ್ದರೆ ಪಾಸಾಗುತ್ತಿತ್ತು, ನಿಮ್ಮದಕ್ಕೆ ಆಗುವುದಿಲ್ಲ. ಬಿಎಸ್ 4 ವಾಹನದ ಪ್ರಮಾಣಪತ್ರ ಒಂದು ವರ್ಷ ನಡೆಯುತ್ತದೆ, ಹಳೆಯದಕ್ಕೆ ಆರು ತಿಂಗಳು. ಸಾಗಣೆ ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು. ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ದಂಡ ಹತ್ತು ಸಾವಿರ ರೂಪಾಯಿವರೆಗೆ ಹೋಗಬಹುದು.

ಪರೀಕ್ಷೆಗೆ ತಣ್ಣನೆಯ ಎಂಜಿನ್ ತರಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲೇಟರ್ ಪೂರ್ತಿ ಒತ್ತಿ ಬಿಡುವುದನ್ನು ಹಲವು ಬಾರಿ ಮಾಡಿ ಅಳೆಯುತ್ತೇವೆ. ಸೈಲೆನ್ಸರ್‌ನಲ್ಲಿ ಕುಳಿತ ಹಳೆಯ ಮಸಿಯೂ ಆಗ ಕಿತ್ತು ಬರುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ನೇರವಾಗಿ ಬಂದು ನಿಲ್ಲಿಸಿ. ಬರುವ ಮೊದಲು ಎಂಜಿನ್ ಆಯಿಲ್ ಮಟ್ಟ ನೋಡಿಕೊಳ್ಳಿ, ಏಕೆಂದರೆ ಅಷ್ಟು ವೇಗಕ್ಕೆ ಏರಿಸುವಾಗ ಎಂಜಿನ್ ಸುಸ್ಥಿತಿಯಲ್ಲಿರಬೇಕು.

ನಿಮ್ಮ ಗಾಡಿಗೆ ಸ್ಕ್ಯಾನರ್ ಹಾಕಿಸುವುದೂ ಒಳ್ಳೆಯದು. ಪಿ 0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ 0401 ಎಂದರೆ ಇಜಿಆರ್ ಹರಿವು ಕಡಿಮೆ, ಪಿ 0402 ಎಂದರೆ ಹೆಚ್ಚು, ಪಿ 0087 ಎಂದರೆ ರೈಲ್ ಒತ್ತಡ ಕಡಿಮೆ. ಕೋಡ್ ಲಕ್ಷಣವನ್ನು ಹೇಳುತ್ತದೆ, ಕೆಟ್ಟ ಭಾಗ ಯಾವುದೆಂದು ಹೇಳುವುದಿಲ್ಲ. ಪಿ 0299 ಬಂತೆಂದು ಟರ್ಬೊ ಬದಲಿಸಿ, ಕೊನೆಗೆ ಹೋಸ್ ಸೀಳಿದ್ದು ಪತ್ತೆಯಾದವರನ್ನು ನೋಡಿದ್ದೇನೆ.

ಶಿರಸಿಯಿಂದ, ಅಡಿಕೆ ಬೆಳೆಗಾರ್ತಿ

ಇಜಿಆರ್ ಮುಚ್ಚುವ, ಕನ್ವರ್ಟರ್ ತೆಗೆಯುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ನಾವು ಕೊಂಡ ಹಳೆಯ ಪಿಕಪ್‌ನಲ್ಲಿ ಹಿಂದಿನ ಮಾಲೀಕರು ಕನ್ವರ್ಟರ್‌ನ ಹೊಟ್ಟೆ ಕೊರೆದು ಖಾಲಿ ಡಬ್ಬಿ ಬಿಟ್ಟಿದ್ದರು. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ತಟ್ಟಿದಾಗ ಟೊಳ್ಳು ಸದ್ದು ಬಂತು. ಅಂಗಳದಲ್ಲಿ ಸ್ಟಾರ್ಟ್ ಮಾಡಿದರೆ ಮನೆಯೊಳಗೆ ಕುಳಿತವರಿಗೂ ಕಣ್ಣುರಿ. ಡೀಸೆಲ್ ಗಾಡಿಯ ಈ ಕನ್ವರ್ಟರ್ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಅಂಶವನ್ನು ಸುಡುತ್ತದೆ. ಕಪ್ಪು ಮಸಿಯನ್ನು ಹಿಡಿಯುವ ಕೆಲಸ ಅದರದಲ್ಲ. ಹಾಗಿರುವಾಗ ಅದನ್ನು ತೆಗೆದರೆ ನಿಮ್ಮ ಕಪ್ಪು ಹೊಗೆ ಹೇಗೆ ನಿಂತೀತು? ಅದು ಕಟ್ಟಿಕೊಂಡಿದೆ ಎಂಬ ಅನುಮಾನವಿದ್ದರೆ ಅದರ ಮುಂದಿನ ಜೋಡಣೆ ಸಡಿಲಿಸಿ ಸ್ವಲ್ಪ ಓಡಿಸಿದಾಗ ಎಳೆತ ಮರಳುತ್ತದೆಯೇ ನೋಡಬಹುದು.

ಇಜಿಆರ್‌ಗೆ ತಗಡು ಹಾಕಿದರೆ ಹೊಗೆ ಕಡಿಮೆಯಾದಂತೆ ಕಾಣುವುದು ನಿಜ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಮಾತ್ರ ಏರುತ್ತದೆ, ಅದನ್ನು ಉಸಿರಾಡುವವರು ನಮ್ಮ ಮಕ್ಕಳು, ನಮ್ಮ ಹಮಾಲರು. ಹೊಗೆ ತಪಾಸಣೆಯ ಯಂತ್ರ ಅದನ್ನು ಅಳೆಯುವುದಿಲ್ಲ ಎಂಬ ಧೈರ್ಯದ ಮೇಲೆ ಇಂಥ ಕೆಲಸ ನಡೆಯುತ್ತದೆ. ನನಗೆ ಇದು ಸರಿ ಎನಿಸುವುದಿಲ್ಲ.

ಇನ್ನೊಂದು ವಿಷಯ. ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ (ಎಂಜಿನ್ ಬೆಚ್ಚಗಾಗುವವರೆಗೆ ರೇಡಿಯೇಟರ್ ಕಡೆ ನೀರು ಬಿಡದ ಕವಾಟ) ತೆಗೆದುಹಾಕುವ ರೂಢಿ ನಮ್ಮ ಕಡೆ ಬಹಳ ಇದೆ. ನಿಮ್ಮದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಎಂಜಿನ್ ಕಾಯಲು ಬಹಳ ಹೊತ್ತು ಬೇಕು, ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೆಳಗಿನ ಬಿಳಿ ಹೊಗೆಯೂ ಬೇಗ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಬರುವ ಹೋಸ್ ಕ್ಲಿಪ್ಪಿನ ಅಡಿಯಲ್ಲಿ ಅರ್ಧ ಸುತ್ತು ಸೀಳಿತ್ತು. ಇಜಿಆರ್ ಕೂಡ ಪೂರ್ತಿ ಮುಚ್ಚುತ್ತಿರಲಿಲ್ಲ. ಹೋಸ್ ಬದಲಿಸಿ, ಇಜಿಆರ್ ತೊಳೆಸಿ ಹಾಕಿದ ಮೇಲೆ ತಪಾಸಣೆಯಲ್ಲಿ 1.3 ಬಂತು. ಏರಿನಲ್ಲಿ ಗಾಡಿ ಮತ್ತೆ ಎಳೆಯುತ್ತಿದೆ. ನಾಜಲ್ ಮುಟ್ಟಿಲ್ಲ. ಥರ್ಮೋಸ್ಟಾಟ್ ಇದೆ. ಆದರೆ ಬೆಳಗಿನ ಬಿಳಿ ಹೊಗೆ ಹಾಗೆಯೇ ಇದೆ, ಮೊದಲ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಸ್ಟಾರ್ಟ್ ಆಗುವುದೂ ಇಲ್ಲ. ತಿಪಟೂರಿನ ಅಣ್ಣ ಇದಕ್ಕೂ ಒಂದು ದಾರಿ ಹೇಳಬೇಕು.

ತಿಪಟೂರಿನಿಂದ

ಸಂತೋಷ ತಮ್ಮಾ. ಬೆಳಗಿನ ಹೊಗೆಗೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನೋಡು. ಎಂಜಿನ್ ಆಫ್ ಇರಲಿ, ಪ್ಲಗ್‌ಗಳ ತಲೆಯ ಮೇಲಿನ ವೈರ್ ಕಳಚು. ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಪ್ಲಗ್‌ನ ತುದಿಗೆ, ಇನ್ನೊಂದನ್ನು ಎಂಜಿನ್ ಬಾಡಿಗೆ ಹಿಡಿ. ಒಂದು ಓಮ್ ಆಸುಪಾಸು ತೋರಿಸಿದರೆ ಜೀವಂತ, ಏನೂ ತೋರಿಸದಿದ್ದರೆ ಸತ್ತಿದೆ. ನಾಲ್ಕೂ ಸರಿ ಇದ್ದರೆ ಕೀ ಆನ್ ಮಾಡಿದಾಗ ವೈರ್‌ಗೆ ಹನ್ನೆರಡು ವೋಲ್ಟ್ ಬರುತ್ತಿದೆಯೇ ನೋಡು. ಬಾರದಿದ್ದರೆ ರಿಲೇ, ಫ್ಯೂಸ್ ಹುಡುಕು. ಬಿಚ್ಚುವಾಗ ಮಾತ್ರ ಅವಸರ ಬೇಡ. ಹಳೆಯ ಪ್ಲಗ್ ಹೆಡ್‌ನಲ್ಲಿ ಹಿಡಿದುಕೊಂಡಿರುತ್ತದೆ, ಬಲ ಹಾಕಿದರೆ ಅರ್ಧಕ್ಕೆ ಮುರಿಯುತ್ತದೆ, ಆಗ ಹೆಡ್ ಇಳಿಸಬೇಕಾದೀತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ನಿಧಾನವಾಗಿ ಹಿಂದೆ ಮುಂದೆ ತಿರುಗಿಸುತ್ತಾ ಬಿಚ್ಚು. ಪ್ಲಗ್, ವೈರ್ ಎಲ್ಲ ಸರಿ ಇದ್ದೂ ಹೊಗೆ ಉಳಿದರೆ ಕಂಪ್ರೆಷನ್ ಅಳೆಸು. ಪ್ಲಗ್ ಬಿಚ್ಚಿದ ತೂತಿನಲ್ಲೇ ಗೇಜ್ ಕೂರುತ್ತದೆ, ಎರಡೂ ಕೆಲಸ ಒಂದೇ ದಿನ ಮುಗಿಯುತ್ತದೆ.