ಸಹಾಯ ಬೇಕು: ಡಬ್ಲ್ಯೂ 980 ಫ್ಲಿಪ್ ಫೋನನ್ನು ಹಾಡು ಕೇಳುವುದಕ್ಕೆಂದೇ ಬಳಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. 2008ರಲ್ಲಿ ಬಂದ ಸೋನಿ ಎರಿಕ್ಸನ್ ಡಬ್ಲ್ಯೂ 980 ವಾಕ್‌ಮನ್ ಫೋನ್ ಈಗ ನನ್ನ ಬಳಿ ಇದೆ. ಕರೆಗಳಿಗೆ ಬೇರೆ ಫೋನ್ ಇರುವುದರಿಂದ ಇದನ್ನು ಹಾಡು ಕೇಳುವುದಕ್ಕೆ ಮಾತ್ರ ಮೀಸಲಿಡಬೇಕೆಂದಿದ್ದೇನೆ. ಮಡಚಿದಾಗಲೂ ಹೊರಮೈಯ ಸ್ಪರ್ಶ ಗುಂಡಿಗಳಿಂದಲೇ ಹಾಡು ಬದಲಿಸಬಹುದೆಂಬುದು ನನಗೆ ತುಂಬಾ ಹಿಡಿಸಿದೆ.

ನನ್ನ ಮುಖ್ಯ ಸಂದೇಹ ಜಾಗದ ಕುರಿತದ್ದು. ಇದರಲ್ಲಿರುವುದು 8 ಜಿಬಿ ಒಳಸಂಗ್ರಹ ಮಾತ್ರ. ಮೆಮೊರಿ ಕಾರ್ಡ್ ಹಾಕಲು ಅವಕಾಶವೇ ಇಲ್ಲ. ಐದು ನಿಮಿಷದ ಹಾಡೊಂದು 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3 ರೂಪದಲ್ಲಿ ಸುಮಾರು 12 ಎಂಬಿ ಆಗುವುದರಿಂದ ಆರುನೂರು ಚಿಲ್ಲರೆ ಹಾಡುಗಳಿಗೇ ಫೋನ್ ತುಂಬಿಹೋಗುತ್ತದೆ, 192ಕ್ಕೆ ಇಳಿಸಿದರೆ ಸಾವಿರದಷ್ಟು ಹಿಡಿಯಬಹುದು. ನನ್ನ ಸಂಗ್ರಹವೆಲ್ಲ ಫ್ಲಾಕ್ (ಗುಣಮಟ್ಟ ಕುಂದದ, ದೊಡ್ಡ ಗಾತ್ರದ) ಕಡತಗಳಲ್ಲಿದ್ದು, ಈ ಫೋನ್ ಅವನ್ನು ನುಡಿಸದ ಕಾರಣ ಹೇಗೂ ಪರಿವರ್ತಿಸಲೇಬೇಕು. ಹಾಗಾದರೆ ಈ ಫೋನಿನಲ್ಲಿ 192ರ ಎಎಸಿಗೂ (ಎಂಪಿ3ಯಂಥದ್ದೇ ಇನ್ನೊಂದು ಕಡತ ರೂಪ) 320ರ ಎಂಪಿ3ಗೂ ಕಿವಿಗೆ ತಿಳಿಯುವಷ್ಟು ವ್ಯತ್ಯಾಸವಿದೆಯೇ? ಅಂಕಿ ದೊಡ್ಡದಿದ್ದ ಮಾತ್ರಕ್ಕೆ ನಾದ ಚೆನ್ನಾಗಿರುತ್ತದೆಂದು ನಾನು ನಂಬುವವನಲ್ಲ; ಬಳಸಿದವರ ಅನುಭವ ಬೇಕು.

ಇನ್ನೊಂದು ವಿಷಯ. ಫೋನಿನಲ್ಲೇ 3.5 ಮಿ.ಮೀ. ಜ್ಯಾಕ್ ಇಲ್ಲದ ಕಾರಣ ಪಕ್ಕದ ಚಪ್ಪಟೆ ಕನೆಕ್ಟರಿಗೆ ಅಡಾಪ್ಟರ್ ಸಿಕ್ಕಿಸಿಯೇ ಇಯರ್‌ಫೋನ್ ಬಳಸಬೇಕು. ಜೇಬಿನಲ್ಲಿಟ್ಟು ನಡೆಯುವಾಗ ಅದು ಅಲುಗಾಡದಂತೆ ಏನು ಮಾಡುತ್ತೀರಿ, ಅಥವಾ ಬ್ಲೂಟೂತ್ ಸ್ಟೀರಿಯೊ ಹೆಡ್‌ಸೆಟ್ಟೇ ಮೇಲೇ? ಬ್ಲೂಟೂತ್ ಬಳಸಿದರೆ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ? ಇದರ ಎಫ್‌ಎಂ ಟ್ರಾನ್ಸ್‌ಮಿಟರ್ ಮೂಲಕ ಕಾರಿನ ರೇಡಿಯೊದಲ್ಲಿ ಹಾಡು ಕೇಳಿದವರಿದ್ದರೆ, ಕರಕರ ಸದ್ದಿಲ್ಲದೆ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.